ಹಳೇ ಕಾರಿನ ಆಯಿಲ್ ಲೀಕ್ ಮತ್ತು ಲೀಕ್ ನಿಲ್ಲಿಸುವ ಬಾಟಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಆದರೂ ನಮ್ಮ ಊರುಗಳಲ್ಲಿ ಅದು ಇನ್ನೂ ಓಡುತ್ತಿದೆ. ಝೆನ್, ಹಳೇ ಸ್ಯಾಂಟ್ರೊ, ಇಂಡಿಕಾ ಕೂಡ ಓಡುತ್ತಿವೆ. ಇಷ್ಟು ವಯಸ್ಸಾದ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ದಿನ ಕಪ್ಪು ಕಲೆ ಕಾಣಿಸುತ್ತದೆ. ಒಬ್ಬ ಮೆಕ್ಯಾನಿಕ್ ‘ಇಂಜಿನ್ ಇಳಿಸಬೇಕು’ ಅನ್ನುತ್ತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ‘ಈ ಬಾಟಲಿ ಸುರೀರಿ, ನಿಂತು ಹೋಗುತ್ತೆ’ ಅನ್ನುತ್ತಾರೆ. ಎರಡೂ ಮಾತು ಕೆಲವು ಸಲ ನಿಜ. ಯಾವಾಗ ಯಾವುದು ನಿಜ ಅಂತ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಅವರಿಗಾಗಿ ಈ ಪ್ರಶ್ನೋತ್ತರ.

ಈ ಬಾಟಲಿಯಲ್ಲಿ ಇರೋದಾದರೂ ಏನು?

ಮುಖ್ಯವಾಗಿ ರಬ್ಬರನ್ನು ಸ್ವಲ್ಪ ಊದಿಸಿ ಮೆತ್ತಗೆ ಮಾಡುವ ರಾಸಾಯನಿಕ. ಹೆಚ್ಚಿನವು ಎಸ್ಟರ್ ಜಾತಿಯ ದ್ರವಗಳು. ಇವು ಆಯಿಲ್ ಜೊತೆ ಬೆರೆತು ಇಂಜಿನ್ ತುಂಬಾ ಓಡಾಡುತ್ತವೆ. ರಬ್ಬರ್ ಸೀಲ್ (ಶಾಫ್ಟ್ ಸುತ್ತ ಕೂತು ಆಯಿಲ್ ಆಚೆ ಬಾರದಂತೆ ತಡೆಯುವ ಉಂಗುರ) ಸಿಕ್ಕ ಕಡೆ ನಿಧಾನವಾಗಿ ಅದರ ಒಳಗೆ ಇಳಿಯುತ್ತವೆ. ರಬ್ಬರ್ ಒಂಚೂರು ಹಿಗ್ಗಿ ಮತ್ತೆ ಶಾಫ್ಟ್‌ಗೆ ಒತ್ತಿಕೊಳ್ಳುತ್ತದೆ.

ಕೆಲವು ಬಾಟಲಿಗಳಲ್ಲಿ ಇದರ ಜೊತೆ ಆಯಿಲನ್ನು ದಪ್ಪ ಮಾಡುವ ಪಾಲಿಮರ್ ಕೂಡ ಇರುತ್ತದೆ. ದಪ್ಪ ಆಯಿಲ್ ಸಣ್ಣ ಸಂದಿಯಲ್ಲಿ ಬೇಗ ನುಸುಳುವುದಿಲ್ಲ. ಬಾಟಲಿಯಲ್ಲಿ ತೂತು ಮುಚ್ಚುವ ಅಂಟು ಇರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅಂಥದ್ದೇನೂ ಇರುವುದಿಲ್ಲ. ಇದೊಂದು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ.

ಸೀಲ್ ಯಾಕೆ ಹಾಳಾಗುತ್ತದೆ?

ಬಿಸಿ ಮತ್ತು ಕಾಲ. ಹಳೇ ಕಾರುಗಳಲ್ಲಿ ಹೆಚ್ಚಾಗಿ ನೈಟ್ರೈಲ್ ರಬ್ಬರಿನ ಸೀಲ್ ಇರುತ್ತದೆ. ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಚೆನ್ನಾಗಿ ಬಾಳುತ್ತದೆ. ಇಂಜಿನ್ ಆಯಿಲ್ ದಿನಾ ಅದೇ ಬಿಸಿಗೆ ಹೋಗಿ ಬರುತ್ತದೆ. ಘಾಟಿ ಹತ್ತುವಾಗ, ರಾಯಚೂರು ಕಲಬುರಗಿ ಕಡೆ ಬೇಸಿಗೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಇನ್ನೂ ಜಾಸ್ತಿ. ರಬ್ಬರನ್ನು ಮೆತ್ತಗಿಡಲು ಕಾರ್ಖಾನೆಯಲ್ಲಿ ಸೇರಿಸಿದ ಅಂಶ ವರ್ಷಗಳು ಹೋದಂತೆ ಆಯಿಲ್‌ನಲ್ಲಿ ಕರಗಿ ಹೋಗುತ್ತದೆ. ಹಳೇ ಕುಕ್ಕರ್ ಗ್ಯಾಸ್ಕೆಟ್ ಗಟ್ಟಿಯಾಗಿ ಆವಿ ಬಿಡುತ್ತದಲ್ಲ, ಇಲ್ಲಿ ಆಗುವುದೂ ಹಾಗೆಯೇ.

ಇಂಜಿನ್‌ನಿಂದ ಬಿಚ್ಚಿದ ಹಳೇ ಕ್ರ್ಯಾಂಕ್ ಸೀಲ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್‌ನ ಸೀಲ್) ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ಒಳಗಡೆ ತೆಳುವಾದ ಒಂದು ತುಟಿ ಇರುತ್ತದೆ. ಅದರ ಹಿಂದೆ ಒಂದು ಪುಟ್ಟ ಸುರುಳಿ ಸ್ಪ್ರಿಂಗ್. ಹೊಸ ಸೀಲ್‌ನ ತುಟಿಯನ್ನು ಉಗುರಿನಿಂದ ಒತ್ತಿದರೆ ಬಾಗಿ ವಾಪಸ್ ಬರುತ್ತದೆ. ಹಳೆಯದು ಬಾಗುವುದೇ ಇಲ್ಲ, ಪ್ಲಾಸ್ಟಿಕ್ ಥರ ಇರುತ್ತದೆ. ಚೂಪಾಗಿರಬೇಕಾದ ಅಂಚು ಚಪ್ಪಟೆಯಾಗಿ ಹೊಳೆಯುತ್ತಿರುತ್ತದೆ. ಬಾಟಲಿ ಸರಿ ಮಾಡಲು ನೋಡುವುದು ಈ ಗಟ್ಟಿತನವನ್ನು. ಸವೆದು ಹೋದ ಅಂಚನ್ನು ಯಾವ ಬಾಟಲಿಯೂ ಮತ್ತೆ ಬೆಳೆಸುವುದಿಲ್ಲ.

ಹಾಗಾದರೆ ಯಾವ ಲೀಕ್‌ಗೆ ಇದು ಕೆಲಸ ಮಾಡುತ್ತದೆ?

ರಬ್ಬರ್ ಗಟ್ಟಿಯಾಗಿ, ಹರಿಯದೆ, ಆಯಿಲ್‌ನಲ್ಲಿ ನೆನೆಯುತ್ತಾ ಇರುವ ಜಾಗಕ್ಕೆ. ಕ್ರ್ಯಾಂಕ್‌ನ ಮುಂದಿನ ಸೀಲ್, ಹಿಂದಿನ ಸೀಲ್ (ಇದೇ ರಿಯರ್ ಸೀಲ್), ವಾಲ್ವ್ ತೆರೆಯುವ ಶಾಫ್ಟ್‌ನ ಕ್ಯಾಮ್ ಸೀಲ್, ವಾಲ್ವ್ ಸೀಲ್, ಡಿಸ್ಟ್ರಿಬ್ಯೂಟರ್ ಬುಡದ ಓ ರಿಂಗ್ ಇವೆಲ್ಲ ಈ ಲೆಕ್ಕದಲ್ಲಿ ಬರುತ್ತವೆ. ಇಂಜಿನ್ ತಲೆಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರ್‌ನ, ರಬ್ಬರ್ ಪ್ಯಾಕಿಂಗ್‌ಗೂ ಸ್ವಲ್ಪ ಉಪಯೋಗ ಆಗಬಹುದು. ಆದರೆ ಆ ಪ್ಯಾಕಿಂಗ್ ಬದಲಾಯಿಸುವುದೇ ಎಷ್ಟು ಸುಲಭ ಅಂದರೆ ಅದಕ್ಕಾಗಿ ಬಾಟಲಿ ಕೊಳ್ಳುವುದು ದಂಡ.

ಕಾರ್ಕ್ ಪ್ಯಾಕಿಂಗ್, ಪೇಪರ್ ಪ್ಯಾಕಿಂಗ್, ಸೀಲೆಂಟ್ ಮೆತ್ತಿ ಕೂರಿಸಿದ ಆಯಿಲ್ ಚೇಂಬರ್ (ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಇವುಗಳ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಹಂಪ್‌ಗೆ ತಾಗಿ ಬಿರುಕು ಬಿಟ್ಟ ಚೇಂಬರ್, ತ್ರೆಡ್ ಹೋದ ಡ್ರೇನ್ ನಟ್, ಸಡಿಲವಾದ ಬೋಲ್ಟ್, ಹೆಡ್ ಗ್ಯಾಸ್ಕೆಟ್ ಇವು ಬಾಟಲಿಯ ಕೆಲಸವೇ ಅಲ್ಲ. ಹೊಸ ಮಾದರಿಯ ಕೆಲವು ಇಂಜಿನ್‌ಗಳಲ್ಲಿ ಪಿಟಿಎಫ್‌ಇ ತುಟಿಯ ಸೀಲ್ ಇರುತ್ತದೆ. ಟೆಫ್ಲಾನ್ ಅಂತೀವಲ್ಲ, ಅದೇ ವಸ್ತು. ಅದು ಊದಿಕೊಳ್ಳುವುದಿಲ್ಲ.

ಇನ್ನೊಂದು ಸಂದರ್ಭವಿದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಸೀಲ್‌ನ ತುಟಿ ಉಜ್ಜಿ ಉಜ್ಜಿ ಶಾಫ್ಟ್ ಮೇಲೆ ಒಂದು ಗೆರೆ ಬೀಳುತ್ತದೆ. ಉಗುರು ಆಡಿಸಿದರೆ ತಡೆಯುತ್ತದೆ. ಅಲ್ಲಿ ಹೊಸ ಸೀಲ್ ಹಾಕಿದರೂ ಲೀಕ್ ನಿಲ್ಲದೇ ಇರಬಹುದು. ಅದಕ್ಕೆ ಶಾಫ್ಟ್ ಮೇಲೆ ಕೂರಿಸುವ ತೆಳು ಲೋಹದ ತೋಳು ಸಿಗುತ್ತದೆ. ಎಸ್‌ಕೆಎಫ್‌ನ ಸ್ಪೀಡಿ ಸ್ಲೀವ್ ಅಂಥದ್ದೇ. ಸೀಲನ್ನು ಗೆರೆಯಿಂದ ಒಂದೆರಡು ಮಿಲಿಮೀಟರ್ ಆಚೆ ಕೂರಿಸುವ ಮೆಕ್ಯಾನಿಕ್‌ಗಳೂ ಇದ್ದಾರೆ. ಒಳ್ಳೆಯ ಕೈಯಾದರೆ ಅದೂ ಸರಿಯಾದ ದಾರಿಯೇ.

ಲೀಕ್ ಎಲ್ಲಿಂದ ಅಂತ ಹುಡುಕೋದು ಹೇಗೆ?

ಬಾಟಲಿ ಕೊಳ್ಳುವ ಮುಂಚೆ ಮಾಡಲೇಬೇಕಾದ ಕೆಲಸ ಇದು. ಆಯಿಲ್ ಬೀಳುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಆಯಿಲ್ ಯಾವಾಗಲೂ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಮೇಲೆ ಟ್ಯಾಪೆಟ್ ಕವರ್‌ನಿಂದ ಒಸರಿದ ಆಯಿಲ್ ಇಂಜಿನ್‌ನ ಬೆನ್ನ ಮೇಲೆ ಇಳಿದು, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಯಲ್ಲಿ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರು ‘ರಿಯರ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅನ್ನುತ್ತಾರೆ. ಕೆಲವೇ ನೂರು ರೂಪಾಯಿಯ ಪ್ಯಾಕಿಂಗ್ ಕೆಲಸ ಸಾವಿರಾರು ರೂಪಾಯಿಯ ಕೆಲಸವಾಗುತ್ತದೆ. ಅಷ್ಟು ಖರ್ಚಾದ ಮೇಲೂ ಆಯಿಲ್ ಬೀಳುತ್ತಲೇ ಇರುತ್ತದೆ.

ಹುಡುಕುವ ಕ್ರಮ ಹೀಗೆ. ಇಂಜಿನ್ ತಣ್ಣಗಿರುವಾಗ ಡೀಗ್ರೀಸರ್ ಹಚ್ಚಿ ಜಿಡ್ಡೆಲ್ಲ ತೆಗೆಯಿರಿ. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ವೈರ್ ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಆಮೇಲೆ ನೀರು ಬಿಡಿ. ಪೂರ್ತಿ ಒಣಗಲಿ. ನಂತರ ಅನುಮಾನ ಇರುವ ಜಾಗಗಳಿಗೆ ಮನೆಯ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ತಿರುಗುವ ಬೆಲ್ಟ್‌ಗಳ ಮೇಲೆ ಬೇಡ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರ್ ಮೇಲೆ ಕಂದು ಗೆರೆ ಎದ್ದು ಕಾಣುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಅದು ಶುರುವಾಗುವ ತುದಿಯೇ ಲೀಕ್ ಇರುವ ಜಾಗ.

ಆಯಿಲ್ ಫಿಲ್ಟರ್‌ನ ಬಾಯಿ, ಆಯಿಲ್ ಪ್ರೆಶರ್ ಸ್ವಿಚ್, ಡ್ರೇನ್ ನಟ್ ವಾಷರ್ ಈ ಮೂರನ್ನು ಮರೆಯದೆ ನೋಡಿ. ಲೀಕ್ ಶುರುವಾದದ್ದು ಆಯಿಲ್ ಚೇಂಜ್ ಆದ ಮೇಲೆಯೇ ಆಗಿದ್ದರೆ ಮೊದಲ ಅನುಮಾನ ಫಿಲ್ಟರ್ ಮತ್ತು ಡ್ರೇನ್ ನಟ್ ಮೇಲೆ ಇರಲಿ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂತಿದ್ದರೆ ಆಯಿಲ್ ಜೋರಾಗಿಯೇ ಸುರಿಯುತ್ತದೆ.

ಕೆಳಗೆ ಬಿದ್ದಿರೋದು ಇಂಜಿನ್ ಆಯಿಲ್ಲೇ ಅಂತ ಹೇಗೆ ಗೊತ್ತಾಗುತ್ತೆ?

ರಾತ್ರಿ ಕಾರಿನ ಅಡಿ ಒಂದು ರಟ್ಟು ಹಾಸಿ. ಬೆಳಿಗ್ಗೆ ಬಣ್ಣ ನೋಡಿ, ಬೆರಳಲ್ಲಿ ಮುಟ್ಟಿ, ಮೂಸಿ. ಕಂದು ಅಥವಾ ಕಪ್ಪಾಗಿ ಜಾರುವಂತಿದ್ದರೆ ಇಂಜಿನ್ ಆಯಿಲ್. ಗಂಧಕದ ಘಾಟು ವಾಸನೆ ಇದ್ದರೆ ಗೇರ್ ಆಯಿಲ್. ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಅಥವಾ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಇರಬಹುದು. ಹಸಿರು, ಗುಲಾಬಿ ಬಣ್ಣ ಇದ್ದು ನೀರಿನಂತಿದ್ದರೆ ಕೂಲೆಂಟ್. ಚಕ್ರದ ಹತ್ತಿರ ತೆಳು ಬಣ್ಣದ ಜಾರುವ ದ್ರವ ಬಿದ್ದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದರೆ ಕಾರು ತೆಗೆಯಲೇಬೇಡಿ.

ಬಾಟಲಿಗೆ ಮುಂಚೆ ಪಿಸಿವಿ ವಾಲ್ವ್ ನೋಡಿ ಅಂತಾರೆ. ಏನದು?

ಪಿಸ್ಟನ್ ಮೇಲೆ ಉರಿಯುವ ಗಾಳಿಯಲ್ಲಿ ಸ್ವಲ್ಪ ಭಾಗ ಪಿಸ್ಟನ್ ಸುತ್ತಲಿನ ಲೋಹದ ರಿಂಗ್‌ಗಳನ್ನು ದಾಟಿ ಕೆಳಗೆ ಚೇಂಬರ್‌ಗೆ ನುಗ್ಗುತ್ತದೆ. ಹೊಸ ಇಂಜಿನ್‌ನಲ್ಲಿ ಕಡಿಮೆ, ಹಳೆಯದರಲ್ಲಿ ಜಾಸ್ತಿ. ಆ ಗಾಳಿ ಹೊರಗೆ ಹೋಗಲು ಬ್ರೀದರ್ ಪೈಪ್ ಮತ್ತು ಪಿಸಿವಿ ವಾಲ್ವ್ ಇರುತ್ತವೆ. ಅದನ್ನು ಮತ್ತೆ ಇನ್‌ಟೇಕ್‌ಗೆ ಎಳೆದು ಸುಡಲು ಈ ಏರ್ಪಾಡು. ವರ್ಷಾನುಗಟ್ಟಲೆ ಜಿಡ್ಡು ಕಟ್ಟಿ ಈ ದಾರಿ ಮುಚ್ಚಿದರೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಸೀಲ್‌ಗಳ ಸಂದಿಯಿಂದ ಆಯಿಲನ್ನು ಆಚೆಗೆ ನೂಕುತ್ತದೆ. ಸೀಲ್ ಚೆನ್ನಾಗಿದ್ದರೂ ಲೀಕ್ ಆಗುತ್ತದೆ.

ಪರೀಕ್ಷೆ ಸುಲಭ. ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ತುಂಬುವ ಮುಚ್ಚಳ ನಿಧಾನವಾಗಿ ತಿರುಗಿಸಿ, ಬಾಯಿಯ ಮೇಲೆ ಸಡಿಲವಾಗಿ ಇಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಕುಣಿದು ಹಾರಿ ಬಿದ್ದರೆ, ಡಿಪ್‌ಸ್ಟಿಕ್ ತಾನಾಗೇ ಮೇಲೆದ್ದು ಬಂದಿದ್ದರೆ ಒಳಗೆ ಒತ್ತಡ ಇದೆ. ಪಿಸಿವಿ ವಾಲ್ವ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಹೆಚ್ಚಿನ ಮಾದರಿಗಳಲ್ಲಿ ಕಟಕಟ ಸದ್ದು ಬರಬೇಕು. ಬರದಿದ್ದರೆ ಬದಲಾಯಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಹಳೇ ಕಾರುಗಳ ಪಿಸಿವಿ ವಾಲ್ವ್ ದುಬಾರಿ ಸಾಮಾನೇನೂ ಅಲ್ಲ. ಹೋಸ್ ಒಳಗೆ ಜಿಡ್ಡು ಕಟ್ಟಿದ್ದರೆ ಅದನ್ನೂ ತೊಳೆಯಿರಿ. ಇಷ್ಟರಿಂದಲೇ ಲೀಕ್ ಅರ್ಧಕ್ಕೆ ಇಳಿದರೆ ಆಶ್ಚರ್ಯ ಪಡಬೇಡಿ.

ಹೊಸ ವಾಲ್ವ್ ಹಾಕಿದ ಮೇಲೂ ಮುಚ್ಚಳ ಕುಣಿಯುತ್ತಿದ್ದರೆ ರಿಂಗ್ ಸವೆದಿದೆ ಅಂತ ಅರ್ಥ. ಆಗ ಸೀಲ್ ಬದಲಿಸಿದರೂ, ಬಾಟಲಿ ಹಾಕಿದರೂ ಪ್ರಯೋಜನ ಕಡಿಮೆ.

ಎಷ್ಟು ಲೀಕ್ ಆದರೆ ಚಿಂತೆ ಮಾಡಬೇಕು?

ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದು ಹನಿ ಬಿದ್ದರೆ ದಿನಕ್ಕೆ 1,440 ಹನಿ, ಅಂದರೆ 70 ಮಿ.ಲೀ. ಚಿಲ್ಲರೆ. ಎರಡು ವಾರದಲ್ಲಿ ಒಂದು ಲೀಟರ್ ಹೋಗುತ್ತದೆ. ಮಾರುತಿ 800ರಂಥ ಚಿಕ್ಕ ಇಂಜಿನ್‌ನಲ್ಲಿ ಇರೋದೇ ಮೂರು ಲೀಟರ್ ಆಸುಪಾಸು, ಅಲ್ವಾ? ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಬಹಳ ಕಾರುಗಳಲ್ಲಿ ಒಂದು ಲೀಟರ್ ಅಂತರ. ಚಿಕ್ಕ ಇಂಜಿನ್‌ಗಳಲ್ಲಿ ಇನ್ನೂ ಕಡಿಮೆ.

ಇಂಜಿನ್ ಮೈ ಮೇಲೆ ಬರೀ ಪಸೆ ಇದ್ದು, ಕೆಳಗೆ ಹನಿ ಬೀಳದಿದ್ದರೆ ಸುಮ್ನೆ ಬಿಡಿ. ರಾತ್ರಿಗೆ ಒಂದೆರಡು ಹನಿ ಬೀಳುತ್ತಿದ್ದರೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತಾ ಬಾಟಲಿ ಪ್ರಯತ್ನಿಸಬಹುದು. ಅಂಗೈಯಗಲ ಮಡುವು ನಿಲ್ಲುತ್ತಿದ್ದರೆ ರಿಪೇರಿಯೇ ಗತಿ.

ಕಡಿಮೆ ಲೀಕ್ ಆದರೂ ಕಾಯಬಾರದ ಜಾಗ ಯಾವುದಾದರೂ ಇದೆಯಾ?

ಮೂರು ಇವೆ. ಒಂದು, ಆಯಿಲ್ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದ್ದರೆ. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಸಂದಿಯಿಂದ ಸುಟ್ಟ ವಾಸನೆ, ತೆಳು ಹೊಗೆ ಬರುತ್ತದೆ. ಇದು ಬೆಂಕಿಯ ವಿಷಯ. ಅದೇ ದಿನ ಗ್ಯಾರೇಜಿಗೆ ಹೋಗಿ. ಎರಡು, ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ನಲ್ಲಿ ಕ್ಯಾಮ್ ಸೀಲ್ ಅಥವಾ ಮುಂದಿನ ಸೀಲ್ ಲೀಕ್. ಮಾರುತಿ 800, ಹಳೇ ಸ್ಯಾಂಟ್ರೊ ಇವಕ್ಕೆಲ್ಲ ಬೆಲ್ಟೇ. ಆಯಿಲ್‌ನಲ್ಲಿ ನೆಂದ ಬೆಲ್ಟ್ ಬೇಗ ಹಾಳಾಗಿ ನಡುದಾರಿಯಲ್ಲಿ ಕಡಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್‌ಗಳೂ ಬಾಗುತ್ತವೆ. ಮೂರು, ರಿಯರ್ ಸೀಲ್‌ನ ಆಯಿಲ್ ಕ್ಲಚ್ ಪ್ಲೇಟ್‌ಗೆ ತಾಗಿ ಕ್ಲಚ್ ಸ್ಲಿಪ್ ಆಗತೊಡಗಿದ್ದರೆ.

ಈ ಮೂರರಲ್ಲಿ ಬಾಟಲಿ ಹಾಕಿ ಕಾಯುವುದು ಅಪಾಯ.

ಬಾಟಲಿ ಹಾಕುವ ಸರಿಯಾದ ಕ್ರಮ ಯಾವುದು?

ಮೊದಲು ಲೇಬಲ್ ಓದಿ. ಎಷ್ಟು ಲೀಟರ್ ಆಯಿಲ್‌ಗೆ ಒಂದು ಬಾಟಲಿ ಅಂತ ಬರೆದಿರುತ್ತದೆ. ನಿಮ್ಮ ಇಂಜಿನ್‌ನಲ್ಲಿ ಮೂರೇ ಲೀಟರ್ ಇದ್ದು ಬಾಟಲಿ ಆರು ಲೀಟರ್‌ಗೆ ಅಂತ ಇದ್ದರೆ ಅರ್ಧವೇ ಸಾಕು. ಪೂರ್ತಿ ಸುರಿದರೆ ಬೇಗ ನಿಲ್ಲುತ್ತದೆ ಅನ್ನೋದು ತಪ್ಪು ಲೆಕ್ಕ. ಪ್ರಮಾಣ ಜಾಸ್ತಿಯಾದಷ್ಟೂ ರಬ್ಬರ್ ಬೇಕಾದ್ದಕ್ಕಿಂತ ಮೆತ್ತಗಾಗುತ್ತದೆ.

ಸಪಾಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮೇಲಿನ ಗೆರೆಯಲ್ಲೇ ಇದ್ದರೆ ಹಾಕುವಷ್ಟೇ ಆಯಿಲ್ ಮೊದಲು ಹೊರಗೆ ತೆಗೆಯಿರಿ. ಗೆರೆ ದಾಟಿ ತುಂಬಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಎದ್ದ ಆಯಿಲ್ ಬೇರಿಂಗ್ ಕಾಪಾಡುವುದಿಲ್ಲ. ಒಳಗೆ ಒತ್ತಡವೂ ಏರಿ ಲೀಕ್ ಜಾಸ್ತಿ ಆಗಬಹುದು. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಸುರಿದು, ಹತ್ತು ನಿಮಿಷ ಐಡ್ಲಿಂಗ್ ಬಿಟ್ಟು, ಆಮೇಲೆ ಓಡಿಸಿ. ಆಯಿಲ್ ಆಗಲೇ ಕಪ್ಪಾಗಿ ಚೇಂಜ್ ಹತ್ತಿರ ಬಂದಿದ್ದರೆ ಮೊದಲು ಹೊಸ ಆಯಿಲ್, ಫಿಲ್ಟರ್ ಹಾಕಿಸಿ. ಇಲ್ಲದಿದ್ದರೆ ವಾರದೊಳಗೆ ಬಾಟಲಿಯ ದುಡ್ಡನ್ನು ಹಳೇ ಆಯಿಲ್ ಜೊತೆ ಹೊರಗೆ ಬಿಟ್ಟಂತಾಗುತ್ತದೆ.

ಹಾಕಿದ ತಕ್ಷಣ ನಿಲ್ಲಬೇಕಾ?

ಇಲ್ಲ. ರಾಸಾಯನಿಕ ರಬ್ಬರಿನೊಳಗೆ ಇಳಿಯಲು ಬಿಸಿಯೂ ಬೇಕು, ಸಮಯವೂ ಬೇಕು. ಕಾರು ಓಡದೆ ನಿಂತಿದ್ದರೆ ಏನೂ ಆಗುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ರಟ್ಟು ಹಾಸಿ ನೋಡಿ. ಸಾವಿರ ಕಿಲೋಮೀಟರ್ ಆದರೂ ಹನಿ ಅಷ್ಟೇ ಬೀಳುತ್ತಿದ್ದರೆ ಅದು ಈ ಬಾಟಲಿ ನಿಲ್ಲಿಸುವ ಲೀಕ್ ಅಲ್ಲ. ಇನ್ನೊಂದು ಬಾಟಲಿ ಕೊಳ್ಳಬೇಡಿ.

ಪೂರ್ತಿ ನಿಲ್ಲದೆ ಕಡಿಮೆಯಾಗುವುದೂ ಉಂಟು. ದಿನಾ ಹತ್ತು ಹನಿ ಬೀಳುತ್ತಿದ್ದದ್ದು ಒಂದಕ್ಕೆ ಇಳಿದರೆ ಅದು ಒಳ್ಳೆಯ ಫಲಿತಾಂಶವೇ.

ಪ್ರತಿ ಆಯಿಲ್ ಚೇಂಜ್‌ಗೂ ಹಾಕಬೇಕಾ?

ಆಯಿಲ್ ಬದಲಾದಾಗ ರಾಸಾಯನಿಕವೂ ಹೋಗುತ್ತದೆ. ಸೀಲ್ ಕೆಲವು ಕಾಲ ಮೆತ್ತಗಿದ್ದು ಮತ್ತೆ ಗಟ್ಟಿಯಾಗಬಹುದು. ಹಾಗಂತ ಪ್ರತಿ ಸಲ ಬಾಟಲಿ ಸುರಿಯುತ್ತಾ ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಲ ಕೆಲಸ ಮಾಡಿದರೆ ಮುಂದಿನ ಚೇಂಜ್‌ನಿಂದ ಹೈ ಮೈಲೇಜ್ ಆಯಿಲ್‌ಗೆ ಬದಲಾಗುವುದು ವಾಸಿ.

ಹೈ ಮೈಲೇಜ್ ಆಯಿಲ್ ಅಂದರೆ?

ಹೆಚ್ಚು ಓಡಿದ ಇಂಜಿನ್‌ಗೆ ಅಂತಲೇ ಮಾಡಿದ ಆಯಿಲ್. ಸೀಲ್ ಮೆತ್ತಗಿಡುವ ಅಂಶ ಇದರಲ್ಲಿ ಅಳತೆಯಾಗಿ ಮೊದಲೇ ಬೆರೆತಿರುತ್ತದೆ. ಅಮೆರಿಕದಲ್ಲಿ ವಾಲ್ವೊಲಿನ್ ಕಂಪನಿ 2000ದಲ್ಲಿ ಮ್ಯಾಕ್ಸ್‌ಲೈಫ್ ಅಂತ ತಂದಿತು. 75,000 ಮೈಲಿ, ಅಂದರೆ ಸುಮಾರು 1,20,000 ಕಿಲೋಮೀಟರ್ ದಾಟಿದ ಕಾರುಗಳಿಗಾಗಿ. ಆಮೇಲೆ ಬೇರೆ ಕಂಪನಿಗಳೂ ಶುರು ಮಾಡಿದವು. ಇಡೀ ಆಯಿಲ್ ಒಟ್ಟಾಗಿ ಪರೀಕ್ಷೆಯಾಗಿ ಬಂದಿರುವುದರಿಂದ ನಂಬಿಕೆ ಜಾಸ್ತಿ. ಪಸೆಯಷ್ಟೇ ಇರುವ ಇಂಜಿನ್‌ಗೆ ನನ್ನ ಮೊದಲ ಸಲಹೆ ಬಾಟಲಿಯಲ್ಲ, ಇದು.

ದಪ್ಪ ಆಯಿಲ್ ಹಾಕಿದರೆ ಸಾಕಲ್ವಾ?

ಸ್ವಲ್ಪ ಮಟ್ಟಿಗೆ ಹೌದು. 100 ಡಿಗ್ರಿ ಬಿಸಿಯಲ್ಲಿ 30 ಗ್ರೇಡಿನ ಆಯಿಲ್‌ನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ಸ್. 40 ಗ್ರೇಡ್ 12.5ರಿಂದ 16.3. ಇಂಜಿನ್ ಬಿಸಿಯಾದಾಗ 40 ಗ್ರೇಡ್ ಕಡಿಮೆ ನುಸುಳುತ್ತದೆ. ಆದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ನಮ್ಮ ಹವೆಗೆ ಯಾವ ಯಾವ ಗ್ರೇಡ್ ಒಪ್ಪಿಗೆ ಇದೆಯೋ ಅದರೊಳಗೇ ಇರಿ. ಹಳೇ ಕಾರುಗಳ ಪುಸ್ತಕದಲ್ಲಿ 20ಡಬ್ಲ್ಯು-50 ಇದ್ದರೆ ಧೈರ್ಯವಾಗಿ ಹಾಕಿ. ಈಚಿನ ಇಂಜಿನ್‌ಗಳಲ್ಲಿ ಆಯಿಲ್ ಹಾದಿಗಳು ಸಣ್ಣ. ವಾಲ್ವ್ ಟೈಮಿಂಗ್ ಬದಲಿಸುವ ಭಾಗಗಳು ಆಯಿಲ್ ಒತ್ತಡದಿಂದಲೇ ನಡೆಯುತ್ತವೆ. ಅಲ್ಲಿ ಬೇಡ. ಇಂಜಿನ್‌ಗೆ 90 ನಂಬರ್ ಗೇರ್ ಆಯಿಲ್ ಬೆರೆಸುವ ಪದ್ಧತಿಯಂತೂ ಯಾವ ಕಾರಿಗೂ ಬೇಡ.

ಸಿಂಥೆಟಿಕ್ ಆಯಿಲ್ ಹಾಕಿದ ಮೇಲೆ ಲೀಕ್ ಶುರುವಾಯ್ತು. ಅದೇ ಕಾರಣನಾ?

ಈ ಮಾತಿಗೆ ಹಿಂದೆ ಆಧಾರ ಇತ್ತು. 1970ರ ದಶಕದಲ್ಲಿ ಸಿಂಥೆಟಿಕ್ ಆಯಿಲ್ ಕಾರುಗಳಿಗೆ ಬಂದಾಗ ಅದರಲ್ಲಿದ್ದ ಪಿಎಒ ಅನ್ನುವ ಮೂಲ ದ್ರವ ರಬ್ಬರನ್ನು ಸ್ವಲ್ಪ ಕುಗ್ಗಿಸುತ್ತಿತ್ತು. ಈಗ ಅದರ ಜೊತೆ ರಬ್ಬರ್ ಹಿಗ್ಗಿಸುವ ಎಸ್ಟರ್ ಬೆರೆಸಿ ಸರಿದೂಗಿಸುತ್ತಾರೆ. ಈಗಿನ ಸಿಂಥೆಟಿಕ್ ಒಳ್ಳೆಯ ಸೀಲನ್ನು ಹಾಳು ಮಾಡುವುದಿಲ್ಲ. ಆದರೆ ಅದು ಕೊಳೆ ಚೆನ್ನಾಗಿ ತೊಳೆಯುತ್ತದೆ. ಗಟ್ಟಿಯಾದ ಸೀಲ್‌ನ ಸಂದಿಯಲ್ಲಿ ಇಷ್ಟು ವರ್ಷ ಕೂತಿದ್ದ ಜಿಡ್ಡೇ ತಡೆಯಾಗಿದ್ದರೆ, ಅದು ಹೋದ ಮೇಲೆ ಲೀಕ್ ಕಾಣಿಸುತ್ತದೆ.

ಇಂಜಿನ್‌ಗೆ ಹಾನಿ ಆಗುತ್ತಾ?

ಒಳ್ಳೆಯ ಬಾಟಲಿ, ಸರಿಯಾದ ಅಳತೆ, ಒಂದೇ ಸಲ ಆದರೆ ಹೆದರಬೇಕಿಲ್ಲ. ತೊಂದರೆ ಬರುವುದು ಅತಿಯಾದಾಗ. ಮತ್ತೆ ಮತ್ತೆ ಹಾಕಿದರೆ ರಬ್ಬರ್ ಅತಿಯಾಗಿ ಮೆತ್ತಗಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಚೆನ್ನಾಗಿದ್ದ ಸೀಲ್‌ಗೂ ಅದೇ ಗತಿ. ಯಾಕೆಂದರೆ ರಾಸಾಯನಿಕಕ್ಕೆ ಕೆಟ್ಟ ಸೀಲ್ ಯಾವುದು, ಒಳ್ಳೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡು ಮೂರು ಬೇರೆ ಬೇರೆ ಕಂಪನಿಯ ಬಾಟಲಿ ಒಟ್ಟಿಗೆ ಸುರಿಯಲೇಬೇಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮುಟ್ಟಬೇಡಿ, ಕಂಪನಿಯಿಂದಲೇ ಸೀಲ್ ಹಾಕಿಸಿಕೊಳ್ಳಿ.

ಬ್ರೇಕ್ ಆಯಿಲ್ ಹಾಕಿದರೆ ಲೀಕ್ ನಿಲ್ಲುತ್ತಂತೆ, ನಿಜನಾ?

ದಯವಿಟ್ಟು ಹಾಕಬೇಡಿ. ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಇಂಜಿನ್ ಸೀಲ್‌ನ ರಬ್ಬರನ್ನು ಅದು ಊದಿಸುವುದು ನಿಜ. ಅದಕ್ಕೇ ಈ ಮಾತು ಹುಟ್ಟಿದೆ. ಆದರೆ ಅದು ಇಂಜಿನ್ ಆಯಿಲ್ ಜೊತೆ ಸರಿಯಾಗಿ ಬೆರೆಯುವುದಿಲ್ಲ, ನೀರು ಹೀರುತ್ತದೆ, ಆಯಿಲ್‌ನ ಗುಣ ಕೆಡಿಸುತ್ತದೆ. ಸೀಲ್ ಉಳಿಸಲು ಹೋಗಿ ಬೇರಿಂಗ್ ಕಳೆದುಕೊಳ್ಳುವ ಕೆಲಸ.

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತದೆ. ಅದಕ್ಕೂ ಆಗುತ್ತಾ?

ಹೊಗೆ ಯಾವಾಗ ಬರುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿರಬಹುದು. ಅಲ್ಲಿ ಬಾಟಲಿ ಕೆಲಸ ಮಾಡುವ ಸಾಧ್ಯತೆ ಇದೆ. ಓಡುವಾಗ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಕೊಳವೆಯ ಗೋಡೆ) ಸವೆದಿವೆ. ಅದು ಲೋಹದ ಸವೆತ, ಬಾಟಲಿಗೆ ಬಗ್ಗುವುದಿಲ್ಲ.

ಇದೇ ಬಾಟಲಿ ಬೈಕ್‌ಗೆ ಹಾಕಬಹುದಾ?

ಬೇಡ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕ್ಲಚ್ ಸ್ಲಿಪ್ ಆಗಬಹುದು.

ರೇಡಿಯೇಟರ್ ಲೀಕ್‌ಗೆ ಸಿಗುವ ಪುಡಿ, ದ್ರವ ಇದಕ್ಕೂ ಆಗುತ್ತಾ?

ಎರಡೂ ಬೇರೆ. ರೇಡಿಯೇಟರ್‌ನದರಲ್ಲಿ ತೂತಿಗೆ ಹೋಗಿ ಕೂರುವ ಕಣಗಳಿರುತ್ತವೆ. ಅದನ್ನು ಆಯಿಲ್‌ಗೆ ಹಾಕಿದರೆ ಆಯಿಲ್ ಹಾದಿಯೇ ಕಟ್ಟುತ್ತದೆ.

ಟರ್ಬೊ ಡೀಸೆಲ್ ಕಾರಿಗೆ?

ಎಚ್ಚರ ಇರಲಿ. ಟರ್ಬೊದ ಬೇರಿಂಗ್‌ಗೆ ಸಣ್ಣ ಪೈಪಿನಲ್ಲಿ ಆಯಿಲ್ ಹೋಗಿ ಬರುತ್ತದೆ, ಅಲ್ಲಿ ಬಿಸಿಯೂ ಜಾಸ್ತಿ. ಲೇಬಲ್ ಮೇಲೆ ಟರ್ಬೊ ಡೀಸೆಲ್‌ಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಇದ್ದರೆ ಮಾತ್ರ ಹಾಕಿ. ಬಿಎಸ್ 6 (ಈಚಿನ ಹೊಗೆ ನಿಯಮ) ಡೀಸೆಲ್‌ನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬರುವ ಆಯಿಲ್ಲೇ ಬೇಕು. ಅಂಥ ಕಾರಿಗೆ ಹೊರಗಿನದು ಏನೂ ಬೆರೆಸದಿರುವುದೇ ಒಳ್ಳೆಯದು.

ಎಂ-ಸೀಲ್, ಅನಬಾಂಡ್‌ನಂಥ ಸೀಲೆಂಟ್ ಹೊರಗಿನಿಂದ ಮೆತ್ತಿದರೆ?

ಚೇಂಬರ್‌ಗೆ ಕಲ್ಲು ಹೊಡೆದು ಬಿರುಕು ಬಿಟ್ಟಿದ್ದರೆ, ಜಿಡ್ಡು ಪೂರ್ತಿ ಒರೆಸಿ ಎಂ-ಸೀಲ್ ಮೆತ್ತಿಕೊಂಡು ಊರು ಸೇರಬಹುದು. ತಿರುಗುವ ಶಾಫ್ಟ್‌ನ ಸೀಲ್‌ಗೆ ಹೊರಗಿನಿಂದ ಏನು ಮೆತ್ತಿದರೂ ನಿಲ್ಲುವುದಿಲ್ಲ. ಪ್ಯಾಕಿಂಗ್ ಹಾಕುವಾಗ ಸೀಲೆಂಟ್ ಬಳಸಿದರೆ ತೆಳ್ಳಗೆ ಸಾಕು. ದಪ್ಪಗೆ ಮೆತ್ತಿದ್ದು ಒಳಗಡೆ ಹಿಂಡಿಕೊಂಡು, ಕಳಚಿ, ಚೇಂಬರ್ ತಳದ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಆಗ ಪಂಪ್‌ಗೆ ಆಯಿಲ್ ಸಿಗದೆ ಇಂಜಿನ್ನೇ ಹಿಡಿದುಕೊಳ್ಳಬಹುದು.

ಗಲ್ಫ್‌ನಲ್ಲಿದ್ದೇನೆ. ಊರಲ್ಲಿ ಕಾರು ತಿಂಗಳುಗಟ್ಟಲೆ ನಿಂತಿರುತ್ತದೆ, ಬಂದಾಗೆಲ್ಲ ಲೀಕ್. ಏನು ಮಾಡಲಿ?

ಕರಾವಳಿ ಕಡೆಯಿಂದ ಬರುವ ಪ್ರಶ್ನೆ ಇದು. ಬಹಳ ದಿನ ನಿಂತ ಇಂಜಿನ್‌ನಲ್ಲಿ ಸೀಲ್‌ನ ತುಟಿ ಒಣಗಿ ಒಂದೇ ಭಂಗಿಯಲ್ಲಿ ಕೂತುಬಿಡುತ್ತದೆ. ಊರಿಗೆ ಬಂದ ದಿನವೇ ಬಾಟಲಿ ಸುರಿಯಬೇಡಿ. ಆಯಿಲ್ ಮಟ್ಟ ನೋಡಿಕೊಂಡು ವಾರ ಓಡಿಸಿ. ಎಷ್ಟೋ ಸಲ ತಾನಾಗೇ ಕಡಿಮೆಯಾಗುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಹದಿನೈದು ದಿನಕ್ಕೊಮ್ಮೆ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿಕೊಂಡು ಬರಲು ಹೇಳಿ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಉಪಯೋಗ ಇಲ್ಲ.

ರಿಯರ್ ಸೀಲ್ ಅಂತ ಖಾತ್ರಿಯಾಯಿತು. ಬಾಟಲಿನಾ, ರಿಪೇರಿನಾ?

ಬಾಟಲಿಗೆ ನಿಜವಾದ ಅರ್ಥ ಇರುವುದು ಇಲ್ಲಿ. ಸೀಲ್‌ನ ಬೆಲೆ ಕೆಲವು ನೂರು ರೂಪಾಯಿ ಇರಬಹುದು, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ದುಡ್ಡೆಲ್ಲ ಕೂಲಿಗೇ ಹೋಗುತ್ತದೆ. ಲೀಕ್ ಕಡಿಮೆ ಇದ್ದು ಕ್ಲಚ್ ಇನ್ನೂ ಚೆನ್ನಾಗಿದ್ದರೆ ಬಾಟಲಿ ಹಾಕಿ ಕಾಲ ತಳ್ಳಿ. ಕ್ಲಚ್ ಪ್ಲೇಟ್ ಸವೆದು ಹೇಗೂ ಗೇರ್‌ಬಾಕ್ಸ್ ಇಳಿಸುವ ದಿನ ಬಂದೇ ಬರುತ್ತದೆ. ಆ ದಿನ ಮರೆಯದೆ ಸೀಲ್ ಹಾಕಿಸಿ. ಒಂದೇ ಕೂಲಿಯಲ್ಲಿ ಎರಡು ಕೆಲಸ ಮುಗಿಯುತ್ತದೆ.

ಕೊಡುವ ಮುಂಚೆ ಮೆಕ್ಯಾನಿಕ್‌ಗೆ ಮೂರು ಮಾತು ಹೇಳಿ. ಬಿಚ್ಚಿದ ಹಳೇ ಸೀಲ್ ನನಗೆ ತೋರಿಸಿ. ಶಾಫ್ಟ್ ಮೇಲೆ ಗೆರೆ ಬಿದ್ದಿದೆಯಾ ನೋಡಿ. ಪಿಸಿವಿ ವಾಲ್ವ್ ಕೂಡ ಇದೇ ಸಲ ಬದಲಿಸಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಬೇಜಾರಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಬಾಟಲಿ ಸುರಿದಿದ್ದಾರಾ ಅಂತ ಗೊತ್ತಾಗುತ್ತಾ?

ಆಯಿಲ್ ನೋಡಿ ಹೇಳುವುದು ಕಷ್ಟ. ಸುತ್ತಮುತ್ತ ನೋಡಿ. ಹದಿನೈದು ವರ್ಷದ ಕಾರಿನ ಇಂಜಿನ್ ನಿನ್ನೆ ತಾನೆ ತೊಳೆದಂತೆ ಫಳಫಳ ಹೊಳೆಯುತ್ತಿದ್ದರೆ ಯಾಕೆ ತೊಳೆದರು ಅಂತ ಕೇಳಿ. ಕಾರು ದಿನಾ ನಿಲ್ಲುವ ಜಾಗದ ನೆಲ ನೋಡಿ. ಕಲೆ ಹಳೆಯದಾ, ಹಸಿಯಾ? ಕೆಳಗೆ ಬಗ್ಗಿ ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಗೆ ಟಿಶ್ಯೂ ಒತ್ತಿ ನೋಡಿ. ಅರ್ಧ ಗಂಟೆ ಓಡಿಸಿ ಬಂದು ಮತ್ತೆ ಒತ್ತಿ. ಆಯಿಲ್ ಮುಚ್ಚಳ ಸಡಿಲಿಸಿ ಒತ್ತಡ ನೋಡುವ ಪರೀಕ್ಷೆಯನ್ನು ಅಲ್ಲೇ ಮಾಡಿ. ಮಾರುವವರು ಬೇಡ ಅಂದರೆ ಇನ್ನೊಂದು ಕಾರು ನೋಡಿ.